ಗ್ರೇಸ್ ಪೀರಿಯಡ್ಡಿಗೆ ಕನ್ನಡ

ಪದಕ್ಕೆ ಮೂರೂವರೆ ರೂಪಾಯಿ.
ಸಮುದ್ರದಾಚೆಯ ಬ್ಯಾಂಕಿನ ಕಡತವೊಂದನ್ನು
ಜಯನಗರದ ನನ್ನ ಮಹಡಿ ಕೋಣೆಯಲ್ಲಿ ಕೂತು
ಕನ್ನಡಕ್ಕೆ ಇಳಿಸಿದೆ,
ಲಾರಿಯಿಂದ ಮೂಟೆ ಇಳಿಸಿದ ಹಾಗೆ.

ಎಡವಿದ್ದು ತಲೆಬರಹದಲ್ಲೇ.
'ಬಡತನ ಕಡಿತ' ಎಂದು ಬರೆದಿದ್ದೆ.
ಕಡಿತ ಅಂದರೆ ತಿಗಣೆಯದೂ ಆಗಬಹುದಲ್ರೀ
ಎಂದು ಎಂ.ಎಸ್. ಬಿಲ್ಡಿಂಗಿನ ಅಧೀನ ಕಾರ್ಯದರ್ಶಿ ನಕ್ಕರು.
'ನಿರ್ಮೂಲನೆ' ಎಂದು ತಿದ್ದಿದೆ.
ಬೇರುಸಹಿತ ಕೀಳುತ್ತೇವೆಂದು ನಾವೆಲ್ಲಿ ಹೇಳಿದ್ದೇವೆ,
ಬೇಡ, ಅಷ್ಟು ದೂರ ಬೇಡ.
ಕೊನೆಗೆ 'ತಗ್ಗಿಸುವಿಕೆ' ನಿಂತಿತು
ತಲೆ ತಗ್ಗಿಸಿಕೊಂಡು.

ಆಮೇಲೆ ಲಗ್ಗೆರೆ.
ಬ್ಯಾಂಕಿನ ಹೆಂಗಸು, ಬಿಸಿಲಿಗೆ ಕೆಂಪಾದ ಮೂಗು, ಒಳ್ಳೆಯವಳೇ;
ನಡುವೆ ಎರಡು ನಾಲಗೆಯ ನಾನು;
ಎದುರಿಗೆ ಪಿಳ್ಳಮ್ಮ, ಮಂಡಿಯ ಮೇಲೆ ಹಲಗೆ,
ಕೈ ನಿಲ್ಲಿಸದೆ ಊದುಬತ್ತಿ ಹೊಸೆಯುತ್ತ.
ಸಾವಿರಕ್ಕಿಷ್ಟು ಎಂದು ಅವಳಿಗೂ ಲೆಕ್ಕ.
ನನಗೆ ಪದ, ಅವಳಿಗೆ ಕಡ್ಡಿ.

ನೀವು ಫಲಾನುಭವಿ, ಎಂದೆ.
'ಫಲ ಅನುಭವಿಸೋದು ಗೊತ್ತು ಬುಡಿ,
ಮಾಡಿದ್ದುಣ್ಣೋ ಮಾರಾಯ.
ನಾನೇನು ಮಾಡಿದ್ದೆ?'

ಸಾಲದ ಸಂಗತಿ ಬಿಡಿಸಿ ಹೇಳಿದೆ: ನಿಮ್ಮ ಓಣಿಯ ಪೈಪಿಗೆ,
ಮನೆಮನೆ ನಲ್ಲಿಗೆ, ನಲ್ಲಿಗೊಂದು ಮೀಟರಿಗೆ.
ಪಿಳ್ಳಮ್ಮ ಇಪ್ಪತ್ತು ವರ್ಷದಿಂದ ಚೀಟಿ ನಡೆಸುವವಳು,
ಕೂಗಿ ಹಿಡಿದ ಚೀಟಿ, ಮುಳುಗಿದ ಚೀಟಿ,
ಓಡಿಹೋದವರ ಕಂತು ತಾನೇ ತುಂಬಿದ ಚೀಟಿ.
ನಮ್ಮ ಪ್ರಶ್ನಾವಳಿ ಮಡಿಲಲ್ಲೇ ಉಳಿಯಿತು.
ಅವಳೇ ಕೇಳತೊಡಗಿದಳು.

ಇಸ್ಕೊಂಡೋರು ಯಾರು?
ಸರ್ಕಾರ.
ಜಾಮೀನು?
ಅದೂ ಸರ್ಕಾರವೇ, ದಿಲ್ಲಿಯದು.
ಒತ್ತೆ ಏನಿಟ್ರು?
ಒತ್ತೆಯಿಲ್ಲ. ಷರತ್ತು ಇದೆ. ಬೀದಿ ನಲ್ಲಿ ಕೀಳಬೇಕು.
ಅದನ್ನೇ ನಾವು ಒತ್ತೆ ಅನ್ನೋದು.
ತೀರಿಸೋರು?
ನಾನು ಬಾಟಲಿ ತೆಗೆದು ನೀರು ಕುಡಿದೆ.

ಈಗಲೇ ಅಲ್ಲ, ಎಂದೆ. ಐದು ವರ್ಷ ಅಸಲು ಕೇಳುವುದಿಲ್ಲ,
ಅದಕ್ಕೆ ಗ್ರೇಸ್ ಪೀರಿಯಡ್ ಅನ್ನುತ್ತಾರೆ,
ಕನ್ನಡದಲ್ಲಿ ಏನನ್ನಬೇಕೋ.
ನಿಘಂಟಿನಲ್ಲಿ ಕೃಪೆ ಇದೆ, ದಯೆ ಇದೆ,
ಊಟಕ್ಕೆ ಮುಂಚಿನ ಪ್ರಾರ್ಥನೆಯೂ ಇದೆ.

'ಬಾಣಂತನ ಅನ್ನಿ.'
ಹಲಗೆಯಿಂದ ಕಣ್ಣೆತ್ತಲಿಲ್ಲ.
'ಮೂರು ತಿಂಗಳು ಯಾರೂ ಕೆಲಸ ಹೇಳಲ್ಲ.
ಬಿಸಿನೀರು, ಬೆಳ್ಳುಳ್ಳಿ ಸಾರು, ತಲೆಗೊಂದು ಬಟ್ಟೆ.
ಆಮೇಲೆ ಸೀದಾ ಒಲೆ ಮುಂದೆ.
ಅದ್ಸರಿ, ಮಗು ಎಲ್ಲಿ?
ಹೆತ್ತಿದ್ದೇನು ಅಂತ ತೋರ್ಸಿ, ನೋಡಾನ.'

ಒಂದೂ ಬಿಡದೆ ಇಂಗ್ಲಿಷಿಗೆ ದಾಟಿಸಿದೆ,
ಒಲೆಯನ್ನೂ, ಬೆಳ್ಳುಳ್ಳಿಯನ್ನೂ.
ಆ ಹೆಂಗಸು ಬಹಳ ಹೊತ್ತು ಬರೆದುಕೊಂಡಳು.
ಆರು ತಿಂಗಳಿಗೆ ವರದಿ ನನ್ನಲ್ಲಿಗೇ ಬಂತು, ಅನುವಾದಕ್ಕೆ.
ನಲವತ್ತೊಂದನೇ ಪುಟ, ಚೌಕಟ್ಟಿನೊಳಗೆ:
ಫಲಾನುಭವಿಗಳಲ್ಲಿ ಹಣಕಾಸು ತಿಳಿವಳಿಕೆ ತೃಪ್ತಿಕರ.
ನಾಲ್ಕು ಪದ. ಹದಿನಾಲ್ಕು ರೂಪಾಯಿ.
ಅದೂ ಆ ಸಾಲದ್ದೇ ದುಡ್ಡು.

ಕೊನೆಯ ಪದಕೋಶದಲ್ಲಿ 'ಬಾಣಂತನ' ಎಂದೇ ಬರೆದು ಕಳಿಸಿದೆ.
ಕೆಂಪು ಗೆರೆ ಹೊಡೆಸಿಕೊಂಡು ವಾಪಸು ಬಂತು.
ಅಚ್ಚಾದದ್ದು 'ವಿನಾಯಿತಿ ಅವಧಿ'.

ನಲ್ಲಿ ಬಂದಿದೆ ಈಗ, ಸುಳ್ಳು ಹೇಳಬಾರದು.
ಎರಡು ದಿನಕ್ಕೊಮ್ಮೆ, ಬೆಳಗಿನ ಜಾವ.
ನೀರಿಗೆ ಮುಂಚೆ ಗಾಳಿ ಬರುತ್ತದೆ, ಎಳೆಎಳೆಯಾಗಿ, ಕೀರಲು ದನಿಯಲ್ಲಿ.
ಗಾಳಿಗೂ ಮೀಟರಿನ ಮುಳ್ಳು ತಿರುಗುತ್ತದೆ.
ಪಿಳ್ಳಮ್ಮ ಕತ್ತಲಲ್ಲೇ ಎದ್ದು ಕೂತು
ಸೊಸೆಯನ್ನು ಅಲುಗಿಸುತ್ತಾಳಂತೆ:
'ಅಳ್ತಾ ಅದೆ. ಏಳು,
ಬಿಂದಿಗೆ ತಕ್ಕೊ.'